ಒಂದೇ ಸಮೀಕ್ಷೆ, ಎರಡು ಪೈ ಚಾರ್ಟ್: ಎರಡೂ ನಿಜವಾಗಲು ಹೇಗೆ ಸಾಧ್ಯ?

ನಿಮ್ಮ ವಾರ್ಡಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದೇ ದಿನ ಎರಡು ಚಿತ್ರ ಬಂದಿವೆ ಎಂದುಕೊಳ್ಳಿ. ಎರಡೂ ದುಂಡಗಿನ, ಬಣ್ಣಬಣ್ಣದ ಪೈ ಚಾರ್ಟ್. ಒಂದರ ಮೇಲೆ ‘ನೀರು ಪೂರೈಕೆ: ಶೇ. 63 ಮನೆಗಳಿಗೆ ತೊಂದರೆ ಇಲ್ಲ’ ಎಂದಿದೆ. ಇನ್ನೊಂದರ ಮೇಲೆ ‘ನೀರು ಪೂರೈಕೆ: ಶೇ. 70 ಮನೆಗಳಿಗೆ ತೃಪ್ತಿ ಇಲ್ಲ’ ಎಂದಿದೆ. ಎರಡರ ಕೆಳಗೂ ಒಂದೇ ಸಾಲು: ‘120 ಮನೆಗಳ ಸಮೀಕ್ಷೆ’.

ಗ್ರೂಪಿನಲ್ಲಿ ಜಗಳ ಶುರುವಾಗಲು ಇಷ್ಟು ಸಾಕು. ‘ನಿಮ್ಮದು ಫೇಕ್’ ಎಂದು ಒಬ್ಬರು, ‘ನಿಮ್ಮದೇ ಫೇಕ್’ ಎಂದು ಇನ್ನೊಬ್ಬರು. ಆದರೆ ಎರಡೂ ಚಿತ್ರ ಒಂದೇ ಸ್ಪ್ರೆಡ್‌ಶೀಟ್‌ನಿಂದ ಬಂದಿರಬಹುದು. ಒಂದೇ ಒಂದು ಅಂಕಿಯನ್ನೂ ಯಾರೂ ತಿದ್ದದೇ ಇರಬಹುದು.

ಇದು ಹೇಗೆ ಸಾಧ್ಯ? ಸಮೀಕ್ಷೆಯ ಉತ್ತರಗಳು ಪೈ ಚಾರ್ಟ್ ಆಗುವ ದಾರಿಯಲ್ಲಿ ಏನೇನು ನಡೆಯುತ್ತದೆ? ನೀವೇ ಒಂದು ಚಾರ್ಟ್ ಮಾಡಬೇಕಾದರೆ ಡೇಟಾವನ್ನು ಹೇಗೆ ಜೋಡಿಸಿಕೊಳ್ಳಬೇಕು? ಈ ಲೇಖನದಲ್ಲಿ ನೋಡೋಣ. ಇಲ್ಲಿ ಬರುವ 120 ಮನೆಗಳ ಲೆಕ್ಕ ವಿವರಣೆಗಾಗಿ ನಾವೇ ಮಾಡಿಕೊಂಡ ಉದಾಹರಣೆ. ಯಾವುದೇ ಊರಿನ ನಿಜವಾದ ಸಮೀಕ್ಷೆ ಅಲ್ಲ.

ಮೊದಲು ಗುಟ್ಟು ಬಿಚ್ಚೋಣ

‘ನಿಮ್ಮ ಮನೆಗೆ ನೀರು ಪೂರೈಕೆ ಹೇಗಿದೆ?’ ಎಂಬ ಪ್ರಶ್ನೆಗೆ 120 ಮನೆಯವರು ಹೀಗೆ ಉತ್ತರಿಸಿದ್ದಾರೆ:

ತುಂಬಾ ಚೆನ್ನಾಗಿದೆ: 10
ಚೆನ್ನಾಗಿದೆ: 26
ಪರವಾಗಿಲ್ಲ: 40
ಚೆನ್ನಾಗಿಲ್ಲ: 30
ತುಂಬಾ ಕೆಟ್ಟದಾಗಿದೆ: 14

ಐದು ಹೋಳು ಜಾಸ್ತಿಯಾಯಿತು, ಎರಡೇ ಇರಲಿ ಎಂದು ಚಾರ್ಟ್ ಮಾಡುವವರು ಅಂದುಕೊಳ್ಳುತ್ತಾರೆ. ಈಗ ಮಧ್ಯದ ‘ಪರವಾಗಿಲ್ಲ’ವನ್ನು ಎಲ್ಲಿಗೆ ಸೇರಿಸುವುದು?

‘ಪರವಾಗಿಲ್ಲ ಅಂದರೆ ದೂರು ಇಲ್ಲ ಎಂದರ್ಥ’ ಎಂದು ಮೇಲಿನ ಗುಂಪಿಗೆ ಸೇರಿಸಿದರೆ 10, 26, 40 ಕೂಡಿ 76. ಅದು 120ರಲ್ಲಿ ಶೇ. 63.

‘ಪರವಾಗಿಲ್ಲ ಅಂದರೆ ಚೆನ್ನಾಗಿದೆ ಎಂದೇನೂ ಹೇಳಲಿಲ್ಲವಲ್ಲ’ ಎಂದು ಕೆಳಗಿನ ಗುಂಪಿಗೆ ಸೇರಿಸಿದರೆ 40, 30, 14 ಕೂಡಿ 84. ಅದು ಶೇ. 70.

ಕೂಡಿಸುವ ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ತೀರ್ಮಾನ ಮಾತ್ರ ತಲೆಕೆಳಗಾಗಿದೆ. ನಿಜವಾಗಿ ಆ ಹಾಳೆ ಹೇಳುತ್ತಿರುವುದು ಇಷ್ಟು: ಶೇ. 30 ಮನೆಗಳು ಚೆನ್ನಾಗಿದೆ ಎಂದಿವೆ, ಸುಮಾರು ಶೇ. 33 ಮನೆಗಳು ಪರವಾಗಿಲ್ಲ ಎಂದಿವೆ, ಸುಮಾರು ಶೇ. 37 ಮನೆಗಳು ಚೆನ್ನಾಗಿಲ್ಲ ಎಂದಿವೆ. ಮೂರು ಹೋಳು ಇಟ್ಟಿದ್ದರೆ ಜಗಳವೇ ಇರುತ್ತಿರಲಿಲ್ಲ.

ಅಂದರೆ ಪೈ ಚಾರ್ಟ್ ಜನರ ಉತ್ತರಗಳಿಂದ ನೇರವಾಗಿ ಹುಟ್ಟುವುದಿಲ್ಲ. ನಡುವೆ ಯಾರೋ ಒಬ್ಬರು ಉತ್ತರಗಳನ್ನು ಗುಂಪು ಮಾಡಿ, ಎಣಿಸಿ, ಒಂದು ಪುಟ್ಟ ಪಟ್ಟಿ ಬರೆದಿರುತ್ತಾರೆ. ಚಾರ್ಟ್ ತೋರಿಸುವುದು ಆ ಪಟ್ಟಿಯನ್ನು.

ಪೈ ಚಾರ್ಟ್‌ಗೆ ಒಂದೇ ನಿಯಮ

ಪೈ ಚಾರ್ಟ್ ಹೊಸದೇನಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1801ರಲ್ಲಿ ಪ್ರಕಟಿಸಿದ ‘ಸ್ಟ್ಯಾಟಿಸ್ಟಿಕಲ್ ಬ್ರೀವಿಯರಿ’ ಪುಸ್ತಕದಲ್ಲಿ ಇದು ಮೊದಲು ಕಾಣಿಸಿತು. ಅದರ ಒಂದು ಚಿತ್ರ ತುರ್ಕಿ ಸಾಮ್ರಾಜ್ಯದ ಭೂಮಿ ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಿ ಎಷ್ಟೆಷ್ಟು ಹಂಚಿಕೆಯಾಗಿದೆ ಎಂದು ತೋರಿಸುತ್ತದೆ.

ಈ ಉದಾಹರಣೆಯಲ್ಲೇ ಪೈ ಚಾರ್ಟ್‌ನ ನಿಯಮ ಇದೆ. ಒಂದು ತುಂಡು ಭೂಮಿ ಏಷ್ಯಾದಲ್ಲಿದ್ದರೆ ಅದು ಯುರೋಪಿನಲ್ಲಿ ಇರುವುದಿಲ್ಲ. ಮೂರನ್ನೂ ಕೂಡಿಸಿದರೆ ಇಡೀ ಸಾಮ್ರಾಜ್ಯ ಸಿಗುತ್ತದೆ. ಸಮೀಕ್ಷೆಯಲ್ಲೂ ಅಷ್ಟೇ. ಒಬ್ಬರು ಒಂದೇ ಹೋಳಿನಲ್ಲಿ ಇರಬೇಕು, ಎಲ್ಲ ಹೋಳು ಕೂಡಿದರೆ ನೂರಕ್ಕೆ ನೂರು ಆಗಬೇಕು. ಇದು ಆಗದ ಕಡೆ ಪೈ ಚಾರ್ಟ್ ಹಾಕುವಂತಿಲ್ಲ.

ಫಾರಂನಿಂದ ಬರುವ ಹಾಳೆ ಹೇಗಿರುತ್ತದೆ?

ಈಗ ಬಹಳಷ್ಟು ಸಣ್ಣ ಸಮೀಕ್ಷೆಗಳು ಗೂಗಲ್ ಫಾರಂನಲ್ಲಿ ನಡೆಯುತ್ತವೆ. ಅದನ್ನು ಗೂಗಲ್ ಶೀಟ್ಸ್‌ಗೆ ಜೋಡಿಸಿದರೆ ಉತ್ತರಗಳೆಲ್ಲ ಒಂದು ಹಾಳೆಗೆ ಬಂದು ಬೀಳುತ್ತವೆ. ಒಬ್ಬರ ಉತ್ತರಕ್ಕೆ ಒಂದು ಅಡ್ಡ ಸಾಲು, ಒಂದು ಪ್ರಶ್ನೆಗೆ ಒಂದು ಕಾಲಂ. ಮೊದಲ ಕಾಲಂನಲ್ಲಿ ಉತ್ತರ ಬಂದ ದಿನ ಮತ್ತು ಸಮಯ ಇರುತ್ತದೆ. 120 ಮನೆಯಾದರೆ 120 ಸಾಲು.

ಹೊಸಬರು ಇಲ್ಲೇ ಎಡವುತ್ತಾರೆ. ಇಡೀ ಕಾಲಂ ಆಯ್ದುಕೊಂಡು ನೇರವಾಗಿ ಪೈ ಚಾರ್ಟ್ ಒತ್ತುತ್ತಾರೆ. ಉತ್ತರ ಪದಗಳಲ್ಲಿದ್ದರೆ ಎಕ್ಸೆಲ್‌ಗೆ ಅದರಲ್ಲಿ ಚಿತ್ರ ಬಿಡಿಸಲು ಸಂಖ್ಯೆಯೇ ಸಿಗುವುದಿಲ್ಲ. ‘ಚೆನ್ನಾಗಿದೆ’ಗೆ 1, ‘ಚೆನ್ನಾಗಿಲ್ಲ’ಕ್ಕೆ 2 ಎಂದು ಅಂಕಿ ಕೊಟ್ಟಿದ್ದರೆ ಇನ್ನೂ ವಿಚಿತ್ರ. ಪ್ರತಿ ಮನೆಗೂ ಒಂದರಂತೆ 120 ಹೋಳು ಬರುತ್ತದೆ, ಅದರಲ್ಲಿ 2 ಎಂದು ಬರೆದವರ ಹೋಳು 1 ಎಂದವರ ಎರಡರಷ್ಟು ದೊಡ್ಡದಾಗಿರುತ್ತದೆ. ಗೂಗಲ್ ಶೀಟ್ಸ್ ಕೆಲವೊಮ್ಮೆ ತಾನೇ ಎಣಿಸಿ ಚಿತ್ರ ಕೊಡುತ್ತದೆ. ಆದರೆ ಏನನ್ನು ಏನೆಂದು ಎಣಿಸಿತು ಎಂದು ನಾವು ನೋಡದಿದ್ದರೆ ಮುಂದೆ ಹೇಳುವ ತಪ್ಪುಗಳೆಲ್ಲ ಒಳಗೇ ಉಳಿಯುತ್ತವೆ.

ಹಾಗಾಗಿ ಮೊದಲ ಕೆಲಸ: ಬಂದ ಹಾಳೆಯನ್ನು ಮುಟ್ಟಬೇಡಿ. ಅದರ ಒಂದು ಪ್ರತಿ ಮಾಡಿಕೊಂಡು ಅದರಲ್ಲಿ ಕೆಲಸ ಮಾಡಿ. ನಾಳೆ ಯಾರಾದರೂ ‘ಈ ಲೆಕ್ಕ ಎಲ್ಲಿಂದ ಬಂತು?’ ಎಂದು ಕೇಳಿದರೆ ತೋರಿಸಲು ಮೂಲ ಇರಬೇಕು. ಒಂದೇ ಮನೆಯವರು ಎರಡು ಸಲ ತುಂಬಿದ್ದಾರೆಯೇ ಎಂದೂ ಈ ಹಂತದಲ್ಲೇ ನೋಡಿಕೊಳ್ಳಿ.

ನಲ್ಲಿ, ನಳ, ಕೊಳಾಯಿ: ಕಂಪ್ಯೂಟರಿಗೆ ಮೂರೂ ಬೇರೆ

ನಮ್ಮ ಉದಾಹರಣೆಯಲ್ಲಿ ಇನ್ನೊಂದು ಪ್ರಶ್ನೆ ಇದೆ: ‘ಕುಡಿಯುವ ನೀರು ಹೆಚ್ಚಾಗಿ ಎಲ್ಲಿಂದ?’ ಇದಕ್ಕೆ ಆಯ್ಕೆಗಳಿಲ್ಲ, ಜನರೇ ಟೈಪ್ ಮಾಡಬೇಕು. ಬಂದ ಉತ್ತರಗಳು:

ನಲ್ಲಿ: 31
ನಳ: 9
ಕೊಳಾಯಿ: 5
ಬೋರ್‌ವೆಲ್: 20
ಬೋರ್: 7
ಶುದ್ಧ ನೀರಿನ ಘಟಕ: 18
ಆರ್‌ಒ ಪ್ಲಾಂಟ್: 9
ಕ್ಯಾನ್: 9
ಖಾಲಿ ಬಿಟ್ಟವರು: 12

ಇದನ್ನೇ ಚಾರ್ಟ್ ಮಾಡಿದರೆ ಒಂಬತ್ತು ಹೋಳು. ‘ನಲ್ಲಿ’ಯ ಹೋಳು 120ಕ್ಕೆ 31, ಅಂದರೆ ಸುಮಾರು ಶೇ. 26. ‘ನಲ್ಲಿ ನೀರು ಕುಡಿಯುವವರು ಕಾಲು ಭಾಗ ಮಾತ್ರ’ ಎಂಬ ಫಾರ್ವರ್ಡ್ ಸಿದ್ಧ.

ಆದರೆ ಬೆಂಗಳೂರಿನವರ ನಲ್ಲಿಯೇ ಧಾರವಾಡದವರ ನಳ. ಕೊಳಾಯಿ ಎಂದರೂ ಅದೇ. ಮೂರನ್ನೂ ಕೂಡಿಸಿದರೆ 45 ಮನೆ. ನಮಗೆ ಇದು ಹೇಳದೇ ಗೊತ್ತಾಗುತ್ತದೆ, ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಅಕ್ಷರ ಬೇರೆಯಾದರೆ ಉತ್ತರವೇ ಬೇರೆ.

ಕನ್ನಡದಲ್ಲಿ ಟೈಪ್ ಮಾಡಿದಾಗ ಇನ್ನೂ ಒಂದು ತೊಡಕಿದೆ. ‘ಬೋರ್‌ವೆಲ್’ ಎಂದು ಬರೆಯುವಾಗ ಕೀಬೋರ್ಡ್ ‘ರ್’ ಮುಂದೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸುತ್ತದೆ. ಇಲ್ಲದಿದ್ದರೆ ಅದು ಒತ್ತಕ್ಷರವಾಗಿ ‘ಬೋರ್ವೆಲ್’ ಆಗುತ್ತದೆ. ಕೆಲವು ಕೀಬೋರ್ಡ್‌ಗಳಲ್ಲಿ ಈ ಸಂಕೇತ ಪದದ ಕೊನೆಯಲ್ಲೂ ಉಳಿದುಬಿಡುತ್ತದೆ. ಪದದ ಮುಂದೆ ಒಂದು ಖಾಲಿ ಜಾಗ ಬಿಟ್ಟಿದ್ದರೂ ಹಾಗೇ. ನೋಡಲು ಎರಡೂ ಒಂದೇ, ಎಣಿಕೆಯಲ್ಲಿ ಎರಡು.

ಪರಿಹಾರ ಸುಲಭ. ಉತ್ತರದ ಕಾಲಂ ಪಕ್ಕದಲ್ಲಿ ‘ಸರಿಪಡಿಸಿದ ಉತ್ತರ’ ಎಂಬ ಹೊಸ ಕಾಲಂ ಮಾಡಿ. ನಲ್ಲಿ, ನಳ, ಕೊಳಾಯಿ ಇದ್ದ ಕಡೆಯೆಲ್ಲ ‘ನಲ್ಲಿ’ ಎಂದು ಬರೆಯಿರಿ. ಟೈಪ್ ಮಾಡುವುದಕ್ಕಿಂತ ಒಂದು ಕಡೆ ಬರೆದು ಕಾಪಿ ಪೇಸ್ಟ್ ಮಾಡುವುದು ಒಳ್ಳೆಯದು, ಆಗ ಕಾಣದ ಸಂಕೇತದ ಕಾಟ ಇರುವುದಿಲ್ಲ. ಕಾಲಂ ಅನ್ನು ಅಕಾರಾದಿಯಾಗಿ ಜೋಡಿಸಿದರೆ ಒಂದೇ ಬಗೆಯ ಉತ್ತರಗಳು ಒಟ್ಟಿಗೆ ಬರುತ್ತವೆ, ಕೆಲಸ ಬೇಗ ಮುಗಿಯುತ್ತದೆ. ಜೋಡಿಸುವಾಗ ಒಂದು ಕಾಲಂ ಮಾತ್ರ ಅಲ್ಲ, ಇಡೀ ಹಾಳೆಯನ್ನು ಆಯ್ದುಕೊಳ್ಳಿ. ಇಲ್ಲದಿದ್ದರೆ ಒಬ್ಬರ ಉತ್ತರ ಇನ್ನೊಬ್ಬರ ಸಾಲಿಗೆ ಹೋಗುತ್ತದೆ.

ಮುಂದಿನ ಸಲ ಸಮೀಕ್ಷೆ ಮಾಡುವಾಗ ಟೈಪ್ ಮಾಡಲು ಬಿಡುವ ಬದಲು ಆಯ್ಕೆಗಳನ್ನೇ ಕೊಟ್ಟುಬಿಡಿ. ಈ ತಲೆನೋವು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಎಣಿಕೆಯ ಪುಟ್ಟ ಪಟ್ಟಿ

ಪೈ ಚಾರ್ಟ್‌ಗೆ ಬೇಕಿರುವುದು ಎರಡೇ ಕಾಲಂ. ಎಡಗಡೆ ಉತ್ತರದ ಹೆಸರು, ಬಲಗಡೆ ಎಷ್ಟು ಜನ ಎಂಬ ಎಣಿಕೆ. ಅದನ್ನು ಎರಡು ರೀತಿ ಮಾಡಬಹುದು.

ಒಂದು, ಪಿವಟ್ ಟೇಬಲ್. ಕಂಪ್ಯೂಟರ್‌ನಲ್ಲಿ ಇನ್ಸರ್ಟ್ ಮೆನುವಿನಲ್ಲಿ ಇದು ಸಿಗುತ್ತದೆ. ‘ರೋಸ್’ ಎಂಬಲ್ಲಿ ಸರಿಪಡಿಸಿದ ಉತ್ತರದ ಕಾಲಂ ಹಾಕಿ. ‘ವ್ಯಾಲ್ಯೂಸ್’ ಎಂಬಲ್ಲೂ ಅದನ್ನೇ ಹಾಕಿ. ಅದು ಮೊತ್ತ ಕೂಡಿಸುವ ಬದಲು ಎಣಿಸುವಂತೆ ಆಯ್ಕೆ ಮಾಡಿ. ಪಟ್ಟಿ ತಾನೇ ಬರುತ್ತದೆ.

ಇನ್ನೊಂದು, ಕೌಂಟ್‌ಇಫ್ ಎಂಬ ಸೂತ್ರ. ಫೋನಿನಲ್ಲೂ ಇದು ನಡೆಯುತ್ತದೆ. ಎಲ್ಲಿ ಹುಡುಕಬೇಕು, ಯಾವ ಪದ ಹುಡುಕಬೇಕು ಎಂಬ ಎರಡು ವಿಷಯ ಹೇಳಿದರೆ ಎಷ್ಟು ಸಲ ಸಿಕ್ಕಿತು ಎಂದು ಅದು ತಿಳಿಸುತ್ತದೆ. ಒಂದು ಎಚ್ಚರಿಕೆ: ಸೂತ್ರವನ್ನು ಕೆಳಗಿನ ಸಾಲುಗಳಿಗೆ ಎಳೆದಾಗ ಹುಡುಕುವ ಜಾಗವೂ ಒಂದೊಂದೇ ಸಾಲು ಕೆಳಕ್ಕೆ ಜಾರುತ್ತದೆ. ಮೇಲಿನ ಕೆಲವು ಉತ್ತರಗಳು ಎಣಿಕೆಯಿಂದ ಬಿಟ್ಟುಹೋಗುತ್ತವೆ. ಜಾರದಂತೆ ತಡೆಯಲು ಸಾಲಿನ ಸಂಖ್ಯೆಯ ಹಿಂದೆ ಡಾಲರ್ ಚಿಹ್ನೆ ಹಾಕಬೇಕು.

ನಮ್ಮ ಪಟ್ಟಿ ಈಗ ಹೀಗಿದೆ: ನಲ್ಲಿ 45, ಬೋರ್‌ವೆಲ್ 27, ಶುದ್ಧ ನೀರಿನ ಘಟಕ 27, ಕ್ಯಾನ್ 9. ಒಟ್ಟು 108. ಜೊತೆಗೆ ಖಾಲಿ 12. ಎಲ್ಲ ಸೇರಿ 120, ಹಾಳೆಯಲ್ಲಿದ್ದಷ್ಟೇ. ಈ ತಾಳೆ ನೋಡುವುದನ್ನು ಎಂದೂ ಬಿಡಬೇಡಿ. ಒಟ್ಟು ಹೊಂದದಿದ್ದರೆ ಎಲ್ಲೋ ಒಂದು ಉತ್ತರ ತಪ್ಪಿಸಿಕೊಂಡಿದೆ ಎಂದರ್ಥ.

ಈ ಎರಡು ಕಾಲಂ ಆಯ್ದುಕೊಂಡು ಚಾರ್ಟ್ ಸೇರಿಸಿ, ಪೈ ಆರಿಸಿ. ‘ಒಟ್ಟು’ ಎಂಬ ಸಾಲನ್ನು ಮಾತ್ರ ಆಯ್ಕೆಯೊಳಗೆ ಸೇರಿಸಬೇಡಿ. ಸೇರಿಸಿದರೆ ಅದೇ ಅರ್ಧ ಚಕ್ರ ನುಂಗಿ ಕೂರುತ್ತದೆ.

ಖಾಲಿ ಬಿಟ್ಟವರನ್ನು ಎಲ್ಲಿ ಇಡುವುದು?

108 ಉತ್ತರಗಳನ್ನೇ ನೂರು ಎಂದು ಹಿಡಿದರೆ ನಲ್ಲಿ ಶೇ. 42. ಖಾಲಿ ಬಿಟ್ಟ 12 ಮನೆಗಳನ್ನೂ ಸೇರಿಸಿ 120ನ್ನು ನೂರು ಎಂದು ಹಿಡಿದರೆ ಶೇ. 37.5. ಎರಡೂ ತಪ್ಪಲ್ಲ. ಯಾವುದನ್ನು ಮಾಡಿದ್ದೀರಿ ಎಂದು ಹೇಳದಿರುವುದು ತಪ್ಪು. ಚಾರ್ಟಿನ ಕೆಳಗೆ ‘ಉತ್ತರಿಸಿದ 108 ಮನೆಗಳಲ್ಲಿ’ ಎಂದು ಒಂದು ಸಾಲು ಬರೆದರೆ ಸಾಕು.

ಪೈ ಹಾಕಲೇಬಾರದ ಪ್ರಶ್ನೆ

‘ಕುಡಿಯುವ ಮೊದಲು ನೀರನ್ನು ಏನು ಮಾಡುತ್ತೀರಿ? ಅನ್ವಯಿಸುವುದನ್ನೆಲ್ಲ ಗುರುತು ಮಾಡಿ’ ಎಂದು ಕೇಳಿದ್ದೇವೆ ಎಂದುಕೊಳ್ಳಿ. ಸೋಸಿ ಕಾಯಿಸುವವರು ಎರಡಕ್ಕೂ ಟಿಕ್ ಮಾಡುತ್ತಾರೆ. 120 ಮನೆಗಳಿಂದ ಬಂದ ಲೆಕ್ಕ:

ಬಟ್ಟೆಯಲ್ಲಿ ಸೋಸುವುದು: 66
ಕಾಯಿಸುವುದು: 48
ಫಿಲ್ಟರ್ ಬಳಸುವುದು: 42
ಏನೂ ಮಾಡುವುದಿಲ್ಲ: 18

ಕೂಡಿಸಿದರೆ 174. ಮನೆಗಳು 120, ಟಿಕ್‌ಗಳು 174. ಇದನ್ನು ಪೈ ಮಾಡಿದರೆ ಕಂಪ್ಯೂಟರ್ 174ನ್ನೇ ನೂರು ಎಂದು ಹಿಡಿಯುತ್ತದೆ. ಏನೂ ಮಾಡದೆ ಹಾಗೇ ಕುಡಿಯುವ ಮನೆಗಳು ನಿಜವಾಗಿ ಶೇ. 15. ಚಿತ್ರದಲ್ಲಿ ಅದು ಶೇ. 10 ಎಂದು ಕಾಣುತ್ತದೆ. ಆರೋಗ್ಯದ ವಿಷಯದಲ್ಲಿ ಯಾರ ಮೇಲೆ ಮೊದಲು ಗಮನ ಹರಿಸಬೇಕಿತ್ತೋ ಅವರ ಹೋಳೇ ಕುಗ್ಗಿಹೋಯಿತು.

ಇಂಥ ಪ್ರಶ್ನೆಗೆ ಕಂಬದ ಚಿತ್ರ, ಅಂದರೆ ಬಾರ್ ಚಾರ್ಟ್ ಸರಿ. ಗೂಗಲ್ ಫಾರಂ ಗಮನಿಸಿದ್ದೀರಾ? ಒಂದೇ ಆಯ್ಕೆಯ ಪ್ರಶ್ನೆಗೆ ಅದು ತಾನಾಗಿ ಪೈ ತೋರಿಸುತ್ತದೆ, ಹಲವು ಟಿಕ್ ಮಾಡಬಹುದಾದ ಪ್ರಶ್ನೆಗೆ ಬಾರ್ ತೋರಿಸುತ್ತದೆ. ಕಾರಣ ಇದೇ.

ಸ್ಪ್ರೆಡ್‌ಶೀಟ್‌ನಲ್ಲಿ ಈ ಟಿಕ್‌ಗಳೆಲ್ಲ ಒಂದೇ ಚೌಕದಲ್ಲಿ, ನಡುವೆ ಅಲ್ಪವಿರಾಮದೊಂದಿಗೆ ಬರುತ್ತವೆ. ಕೌಂಟ್‌ಇಫ್‌ನಲ್ಲಿ ಪದದ ಹಿಂದೆ ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ‘ಈ ಪದ ಎಲ್ಲಿದ್ದರೂ ಎಣಿಸು’ ಎಂದರ್ಥ. ಆಗ ಪ್ರತಿ ಆಯ್ಕೆಯ ಎಣಿಕೆ ಸರಿಯಾಗಿ ಸಿಗುತ್ತದೆ.

ಈ ತಪ್ಪು ದೊಡ್ಡವರನ್ನೂ ಬಿಟ್ಟಿಲ್ಲ. 2009ರಲ್ಲಿ ಅಮೆರಿಕದ ಫಾಕ್ಸ್ ಷಿಕಾಗೊ ವಾಹಿನಿ 2012ರ ಅಧ್ಯಕ್ಷ ಚುನಾವಣೆಯ ಸಂಭಾವ್ಯ ಅಭ್ಯರ್ಥಿಗಳ ಬಗ್ಗೆ ಪೈ ಚಾರ್ಟ್ ತೋರಿಸಿತ್ತು. ಸಾರಾ ಪೇಲಿನ್‌ಗೆ ಶೇ. 70, ಮೈಕ್ ಹಕಬಿಗೆ ಶೇ. 63, ಮಿಟ್ ರಾಮ್ನಿಗೆ ಶೇ. 60. ಒಟ್ಟು 193! ಒಬ್ಬರೇ ಮೂವರಿಗೂ ಬೆಂಬಲ ಸೂಚಿಸಬಹುದಾದ ಲೆಕ್ಕವನ್ನು ಒಂದೇ ಚಕ್ರದೊಳಗೆ ತುರುಕಿದ್ದರು.

ಚಕ್ರದೊಳಗೆ ಬಾರದೇ ಹೋದವರು

ಇಷ್ಟೆಲ್ಲ ಸರಿ ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ 120 ಮನೆಗಳು ಯಾವುವು?

ಫಾರಂ ಹೋಗಿದ್ದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಯ ಮನೆಗೆ ಅದು ತಲುಪಿಲ್ಲ. ಬೀದಿ ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವವರಿಗೆ ಫಾರಂ ತುಂಬಲು ಪುರುಸೊತ್ತಿಲ್ಲ. ವಾರ್ಡಿನಲ್ಲಿ 300 ಮನೆ ಇದ್ದರೆ 180 ಮನೆ ಚಿತ್ರದಿಂದಲೇ ಹೊರಗೆ. ನೀರಿನ ತೊಂದರೆ ಹೆಚ್ಚಿರುವವರೇ ಅವರಲ್ಲಿ ಹೆಚ್ಚು ಇರಬಹುದು. ಆ ಚಾರ್ಟ್ ಹಿಡಿದು ವಾರ್ಡ್ ಸಭೆಗೆ ಹೋದರೆ ಅವರ ಮಾತು ಅಲ್ಲಿಗೆ ತಲುಪುವುದೇ ಇಲ್ಲ.

ಜಾಸ್ತಿ ಜನ ಉತ್ತರಿಸಿದರೆ ಇದು ಸರಿಹೋಗುತ್ತದೆ ಎಂದು ಅನೇಕರು ನಂಬುತ್ತಾರೆ. ಅದು ನಿಜವಲ್ಲ. 1936ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂತು. ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಗೆದ್ದಿದ್ದು ಫ್ರಾಂಕ್ಲಿನ್ ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು ಬಾಚಿಕೊಂಡು. ಪತ್ರಿಕೆ ವಿಳಾಸ ತೆಗೆದುಕೊಂಡಿದ್ದು ಟೆಲಿಫೋನ್ ಪಟ್ಟಿ, ಕಾರು ನೋಂದಣಿಯಂಥ ಕಡೆಗಳಿಂದ. ಆ ಕಷ್ಟದ ವರ್ಷಗಳಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಚೀಟಿ ತಲುಪಿದವರಲ್ಲೂ ಹೆಚ್ಚಿನವರು ವಾಪಸ್ ಕಳಿಸಲಿಲ್ಲ. ಅದಕ್ಕಿಂತ ಬಹಳ ಕಡಿಮೆ ಜನರನ್ನು ಕೇಳಿದ್ದ ಜಾರ್ಜ್ ಗ್ಯಾಲಪ್ ಅವರ ಸಂಸ್ಥೆ ರೂಸ್‌ವೆಲ್ಟ್ ಗೆಲುವನ್ನು ಸರಿಯಾಗಿ ಹೇಳಿತ್ತು.

ಆದ್ದರಿಂದ ‘ವಾರ್ಡಿನ ಶೇ. 42 ಮನೆಗಳು’ ಎಂದು ಬರೆಯಬೇಡಿ. ‘ವಾಟ್ಸ್‌ಆ್ಯಪ್ ಮೂಲಕ ಉತ್ತರಿಸಿದ 108 ಮನೆಗಳಲ್ಲಿ ಶೇ. 42’ ಎಂದು ಬರೆಯಿರಿ. ಸಾಧ್ಯವಾದರೆ ಫೋನ್ ಇಲ್ಲದ ಮನೆಗಳಿಗೆ ಹೋಗಿ ಕೇಳಿ, ನೀವೇ ತುಂಬಿ.

ಚಿತ್ರ ಬಿಡಿಸುವಾಗ

ಹೋಳುಗಳು ಐದಾರಕ್ಕಿಂತ ಹೆಚ್ಚಾಗದಿರಲಿ. ತೀರಾ ಸಣ್ಣವನ್ನು ‘ಇತರೆ’ ಎಂದು ಕೂಡಿಸಬಹುದು, ಆದರೆ ಅದರಲ್ಲಿ ಏನೇನಿದೆ ಎಂದು ಕೆಳಗೆ ಬರೆಯಿರಿ. ತ್ರೀಡಿ ಪೈ ಬೇಡ. ಚಕ್ರ ವಾಲಿದಾಗ ನಮ್ಮ ಕಡೆಗಿರುವ ಹೋಳು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪ್ರತಿ ಹೋಳಿನ ಮೇಲೂ ಅಂಕಿ ಬರೆಯಿರಿ. ನಮ್ಮ ಕಣ್ಣು ಕೋನಗಳನ್ನು ಅಳೆಯುವುದಕ್ಕಿಂತ ಕಂಬಗಳ ಎತ್ತರವನ್ನು ಚೆನ್ನಾಗಿ ಹೋಲಿಸುತ್ತದೆ ಎಂದು ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಹೋಳುಗಳು ಹೆಚ್ಚುಕಡಿಮೆ ಸಮ ಇದ್ದರೆ ಬಾರ್ ಚಾರ್ಟ್ ಹಾಕುವುದೇ ಮೇಲು.

ಇನ್ನೊಂದು ಮಾತು. ಗ್ರೂಪಿಗೆ ಚಿತ್ರ ಕಳಿಸಿ, ಎಣಿಕೆಯ ಪಟ್ಟಿ ಕಳಿಸಿ. ಹೆಸರು, ಫೋನ್ ನಂಬರ್ ಇರುವ ಮೂಲ ಹಾಳೆಯ ಲಿಂಕ್ ಕಳಿಸಬೇಡಿ. ‘ತುಂಬಾ ಕೆಟ್ಟದಾಗಿದೆ’ ಎಂದು ಯಾರು ಬರೆದರು ಎಂಬುದು ಊರಿಗೆಲ್ಲ ಗೊತ್ತಾಗಬೇಕಿಲ್ಲ.

ಫಾರ್ವರ್ಡ್ ಒತ್ತುವ ಮುನ್ನ ಐದು ಪ್ರಶ್ನೆ

1. ಎಲ್ಲ ಹೋಳು ಕೂಡಿದರೆ 100 ಆಗುತ್ತದೆಯೇ? (99 ಅಥವಾ 101 ಬಂದರೆ ಪೂರ್ಣಾಂಕಕ್ಕೆ ತಿರುಗಿಸಿದ್ದರಿಂದ ಇರಬಹುದು, ಅಷ್ಟು ಬಿಡಬಹುದು.)
2. ಎಷ್ಟು ಜನರನ್ನು ಕೇಳಿದರು, ಎಷ್ಟು ಜನ ಉತ್ತರಿಸಿದರು ಎಂದು ಬರೆದಿದ್ದಾರೆಯೇ?
3. ಅವರನ್ನು ಹೇಗೆ ತಲುಪಿದರು? ಬಿಟ್ಟುಹೋದವರು ಯಾರು?
4. ಪ್ರಶ್ನೆ ಏನಿತ್ತು? ‘ಪರವಾಗಿಲ್ಲ’, ‘ಗೊತ್ತಿಲ್ಲ’ ಎಂದವರು ಎಲ್ಲಿ ಹೋದರು?
5. ಒಬ್ಬರು ಒಂದೇ ಉತ್ತರ ಕೊಡಬೇಕಿತ್ತೇ, ಹಲವು ಕೊಡಬಹುದಿತ್ತೇ?

ಇವಕ್ಕೆ ಉತ್ತರ ಸಿಗದಿದ್ದರೆ ಚಿತ್ರ ಸುಳ್ಳು ಎಂದೇ ಹೇಳಲಾಗದು. ಆದರೆ ನಿಜ ಎಂದು ಮುಂದಕ್ಕೆ ಕಳಿಸುವುದೂ ಸರಿಯಲ್ಲ. ಕಳಿಸಿದವರನ್ನೇ ಕೇಳಿ: ‘ಇದರ ಎಣಿಕೆಯ ಪಟ್ಟಿ ಇದೆಯಾ?’ ಸರಿಯಾಗಿ ಚಾರ್ಟ್ ಮಾಡಿದವರ ಬಳಿ ಆ ಎರಡು ಕಾಲಂ ಇದ್ದೇ ಇರುತ್ತದೆ.